ಮೂಗಿನಿಂದ ಸೋರಿದ ಮೆದುಳಿನ ನೀರು

ರಜೆಗೆ ಊರಿಗೆ ಬಂದರೆ ಸಾಕು, ತಲೆಕೆಟ್ಟ ಪ್ರಸಂಗಗಳು ಅಂಗಳದಲ್ಲೇ ನನಗಾಗಿ ಕಾದಿರುತ್ತವೆ. ಕುಮಟಾ ಹತ್ತಿರದ ನಮ್ಮ ಬಾಡ ಊರಿನಿಂದ ಹೋಗಿ ಮೆದುಳಿನ ಸರ್ಜನ್ ಆದವನು ನಾನೊಬ್ಬನೇ. ಹಾಗೆಲ್ಲ ಹೇಳಿಕೊಳ್ಳಬಾರದಂತೆ. ಬೇರೆ ಯಾರೂ ಹೇಳದಿದ್ದರೆ ನಾನೇ ಹೇಳಬೇಕಲ್ಲ!

೧. ನಶ್ಯ

ಈ ಸಲ ಪಕ್ಕದ ಮನೆಯ ಅಣ್ಣನ ಸರದಿ. ತದಡಿಯಲ್ಲಿ ದೋಣಿಯಿಂದ ಇಳಿಯುವಾಗ ಜಾರಿ ಹಣೆ ಬಡಿದುಕೊಂಡವ. ಅಂದಿನಿಂದ ಬಗ್ಗಿದರೆ ಸಾಕು, ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುತ್ತದೆ. ಅವನ ಆಯಿ ನಶ್ಯದ ಡಬ್ಬಿ ಹಿಡಿದು ಕೂತಿದ್ದಳು: "ಜೋರಾಗಿ ಸೀನು ತಮಾ, ಶೀತ ಎಲ್ಲಾ ಹೊರಗೆ ಬೀಳ್ಲಿ."

"ನಿಲ್ಸು ಆಯೀ! ಅದು ಶೀತ ಅಲ್ಲ, ಮೆದುಳಿನ ನೀರು. ಒಳಗೆ ಪೊರೆ ಹರಿದದೆ. ಸೋಂಕು ಹತ್ತಿದ್ರೆ ಜೀವವೇ ಹೋಗ್ತದೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮಗನಿಗೆ ಹೇಳಿದಳು: "ಸಣ್ಣವನಿದ್ದಾಗ ಇವಂದು ವರ್ಷವಿಡೀ ಮೂಗು ಸೋರ್ತಿತ್ತು. ಅದು ಮೆದುಳಿನ ನೀರಾದ್ರೆ ಇವನ ತಲೇಲಿ ಈಗ ಎಂತ ಉಳಿದದೆ?"

೨. ಇನ್ನೂ ಒಂದು

ಅಷ್ಟರಲ್ಲಿ ಹೊನ್ನಾವರದಿಂದ ಅಣ್ಣನ ಭಾವ ಬಂದ. ಔಷಧಿ ಅಂಗಡಿಯಲ್ಲಿ ಕೆಲಸ. ಆದ್ದರಿಂದ ಅರ್ಧ ಡಾಕ್ಟರ್. "ಅಲರ್ಜಿ. ಮಾತ್ರೆ ತಂದಿದ್ದೆ," ಎಂದ.

ಇಂಥವರಿಗೆ ಪಾಠ ಮಾಡುವುದೂ ದಂಡ. ಆದರೂ ಹೇಳಿದೆ. ಬುರುಡೆಯೊಳಗೆ ಮೂರು ಪೊರೆ: ಹೊರಗಿನದು ತೊಗಲಿನಂತೆ ಗಟ್ಟಿ, ನಡುವಿನದು ಜೇಡರ ಬಲೆ, ಒಳಗಿನದು ಮೆದುಳಿಗೇ ಅಂಟಿಕೊಂಡದ್ದು. ಕೊನೆಯ ಎರಡರ ನಡುವೆ ನೀರು. ಮೇಲಿನ ಎರಡೂ ಹರಿದರೆ ಹೀಗೆ ಸೋರುತ್ತದೆ.

ಭಾವ ಯೋಚಿಸಿ, "ಇನ್ನೂ ಒಂದು ಅದೆಯಲ!" ಎಂದ.

ಲುಂಗಿ, ಅಂಗಿ ಎರಡೂ ಹರಿದರೂ ಚಡ್ಡಿ ಇದೆಯಲ್ಲ ಎಂದು ಕುಮಟಾ ಪೇಟೆಗೆ ಹೊರಡುವ ಆಸಾಮಿ.

೩. ಸಪ್ಪಳ

ಬೈದು, ಹೆದರಿಸಿ, ಕೊನೆಗೆ ಅಣ್ಣನನ್ನು ನನ್ನ ಆಸ್ಪತ್ರೆಗೇ ಹೊತ್ತೊಯ್ದೆ. ತೊಡೆಯಿಂದ ತುಂಡು ಪೊರೆ ತೆಗೆದು ತಲೆಯೊಳಗೆ ತೇಪೆ ಹಾಕಿದೆವು. ದೊಡ್ಡ ಡಾಕ್ಟರರೇ ನನ್ನ ಕೈಚಳಕ ನೋಡಿ "ಹ್ಞೂಂ" ಎಂದರು. ಅವರ ಬಾಯಲ್ಲಿ ಅದು ಬಿರುದು.

ಆಯಿಗೆ ಒಂದೇ ಚಿಂತೆ: "ಸೋರಿ ಹೋದ ನೀರು?"

"ಅದು ತಾನಾಗೇ ತುಂಬಿಕೊಳ್ತದೆ, ತೆಂಗಿನಕಾಯೊಳಗಿನ ನೀರಿನ ಹಾಗೆ. ತಲೆ ಮಾತ್ರ ಅಲುಗಬಾರದು."

ಮರುದಿನ ದೊಡ್ಡ ಡಾಕ್ಟರರು, ಹಿಂದೆ ವಿದ್ಯಾರ್ಥಿಗಳ ದಂಡು, ಜೊತೆಗೆ ನಾನು, ಎಲ್ಲರೂ ವಾರ್ಡಿಗೆ ಹೋದರೆ, ಆಯಿ ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಕಿವಿಯ ಹತ್ತಿರ ತಂದು, ಸಂತೆಯಲ್ಲಿ ಕಾಯಿ ಆರಿಸುವ ಹಾಗೆ ಅಲ್ಲಾಡಿಸುತ್ತಿದ್ದಾಳೆ!

ಕಿರುಚುತ್ತ ಓಡಿದೆ. ಅಣ್ಣನನ್ನು ಬಿಡಿಸಿ ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಪೂರ್ತಿ ಒಣ. ತೇಪೆ ನನ್ನದಲ್ಲವೇ!

"ಕೂಗಬೇಡ ತಮಾ," ಎಂದಳು ಆಯಿ. "ಸಪ್ಪಳವೇ ಇಲ್ಲ. ಕಂಠಪೂರ್ತಿ ತುಂಬಿಕೊಂಡದೆ."

ಆಮೇಲೆ ಅವಳ ಕಣ್ಣು ದೊಡ್ಡ ಡಾಕ್ಟರರ ಬೋಳುತಲೆಯ ಮೇಲೆ ನಿಂತಿತು. ಅವರು ರೌಂಡ್ಸ್ ಅಲ್ಲಿಗೇ ಮುಗಿಸಿದರು.