ಅಡಮಾನದ ಮನೆಗೆ ಬಿದ್ದ ಬೀಗ

ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಕೂತವರಿಗೆ ಸಂಬಳ ತಪ್ಪಿದರೂ ದಂಗಾಗುವುದು ತಪ್ಪುವುದಿಲ್ಲ. ಬಿಡದಿ ಕಡೆ ಕಾರ್ಖಾನೆಗಳು ಎದ್ದು, ನಮ್ಮ ಚನ್ನಪಟ್ಟಣದಲ್ಲೂ ಮನೆ-ಸೈಟುಗಳ ಬೆಲೆ ಏರತೊಡಗಿದ್ದೇ ತಡ, ಹೆದ್ದಾರಿ ಪಕ್ಕ ಫೈನಾನ್ಸ್ ಬೋರ್ಡುಗಳೂ ಎದ್ದವು. ಆಗ ಒಬ್ಬ ಗೊಂಬೆ ಕೆಲಸದವನ ಮನೆ ವಿಷಯದಲ್ಲಿ ನಾನು ಮೂರು ಸಲ ದಂಗಾದೆ.

೧. ಓದಿ ಹಾಕಿದ ರುಜು

ಆತ ಗೊಂಬೆ ಕಡೆಯುವ ಮೋಟಾರಿನ ಲೇತ್ ಕೊಳ್ಳಲು ಮನೆ ಅಡವಿಟ್ಟು ಸಾಲ ತಂದಿದ್ದ. ಗೊಂಬೆ ವ್ಯಾಪಾರ ಬಿದ್ದು ಮೂರು ಕಂತು ನಿಂತಿತು. ಮನೆ ಖಾಲಿ ಮಾಡಿ ಎಂದು ಫೈನಾನ್ಸಿನವರ ಕಾಗದ ಬಂತು. ಹೆಂಡತಿಯ ಜೊತೆ ನಮ್ಮ ವಕೀಲರ ಹತ್ತಿರ ಬಂದ.

ಕರಾರು ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಒಂಬತ್ತನೇ ಪುಟಕ್ಕೆ ಬಂದ ವಕೀಲರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮೂರು ಕಂತು ತಪ್ಪಿದರೆ ಮನೆ ಕಂಪನಿಯ ಸ್ವಂತ, ಸಾಲಗಾರ ಮತ್ತೆ ಬಿಡಿಸಿಕೊಳ್ಳುವಂತಿಲ್ಲ ಎಂದಿತ್ತು. ಕೆಳಗೆ ಇವನ ರುಜು. ಓದದೆ ರುಜು ಹಾಕಿದೆಯಾ ಎಂದು ಕೇಳಿದರು. ಅವನಿಗೆ ಬೇಜಾರಾಯಿತು.

"ಓದ್ದೆ ಹಾಕ್ತೀನಾ ಸಾರ್? ಒಂದೊಂದು ಪುಟಾನೂ ನೋಡ್ದೆ. ನನ್ ಹೆಸ್ರು ಎಲ್ಲೂ ತಪ್ಪಿರ್ಲಿಲ್ಲ."

೨. ಎಂದೆಂದಿಗೂ

ವಕೀಲರು ಧೈರ್ಯ ತುಂಬಿದರು. ಅಂಥ ಷರತ್ತು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಇಂಥ ಫೈನಾನ್ಸಿನವರು ಕೋರ್ಟಿನ ಆದೇಶವಿಲ್ಲದೆ ಹೊಸಿಲು ದಾಟುವಂತಿಲ್ಲ ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹುರುಪಿನಲ್ಲಿ ಮೇಜು ಕುಟ್ಟಿ, ವಕೀಲರೆಲ್ಲ ಬಲ್ಲ ಹಳೇ ಮಾತೊಂದನ್ನು ಹೇಳಿಬಿಟ್ಟರು.

"ಒಮ್ಮೆ ಅಡಮಾನ ಆದದ್ದು ಎಂದೆಂದಿಗೂ ಅಡಮಾನವೇ."

ಪತ್ರದಲ್ಲಿ ಏನೇ ಗೀಚಿದ್ದರೂ ಅಡಮಾನ ಮಾರಾಟವಾಗಿಬಿಡುವುದಿಲ್ಲ, ಬಾಕಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ ಎಂದು ಅದರ ಅರ್ಥ. ಅರ್ಥ ಹೇಳುವಷ್ಟರಲ್ಲಿ ಆತ ಕುರ್ಚಿಯಿಂದ ಜಾರಿ ನೆಲಕ್ಕೆ ಬಂದಿದ್ದ. ಹೆಂಡತಿ ನನ್ನ ಮೇಜಿನ ಮೇಲಿದ್ದ ನೀರು ಚಿಮುಕಿಸಿದಳು. ಕಣ್ಣು ಬಿಟ್ಟವನೇ ಕೇಳಿದ:

"ಹಂಗಾರೆ ನನ್ ಮೊಮ್ಮಕ್ಳ ಕಾಲಕ್ಕೂ ಬುಡಿಸ್ಕೊಳಕ್ಕೆ ಆಗಾಕಿಲ್ವಾ ಸಾರ್?"

ಅಂದಿನಿಂದ ನಮ್ಮ ವಕೀಲರು ಮೊದಲು ಅರ್ಥ ಹೇಳುತ್ತಾರೆ, ಆಮೇಲೆ ಮಾತು.

೩. ಒಳಗೊಬ್ಬ

ಇನ್ನೂ ದಾವೆ ಹೂಡಿರಲಿಲ್ಲ. ಒಂದು ಬೆಳಿಗ್ಗೆ ಅವನ ಹೆಂಡತಿ ಏದುಸಿರು ಬಿಡುತ್ತ ಬಂದಳು. ಫೈನಾನ್ಸಿನ ಇಬ್ಬರು ಬಂದು ಪಾತ್ರೆ-ಪಡಗ ಬೀದಿಗಿಟ್ಟು ಮನೆಗೆ ಬೀಗ ಜಡಿದಿದ್ದಾರೆ ಎಂದಳು. ನಾನೂ ವಕೀಲರೂ ಓಡಿದೆವು.

ನಡೆದದ್ದು ಇಷ್ಟು. ಒಬ್ಬ ಇನ್ನೇನಾದರೂ ಉಳಿದಿದೆಯಾ ನೋಡಲು ಒಳಗೆ ಹೋಗಿದ್ದ. ಇನ್ನೊಬ್ಬ, ಜೊತೆಗಾರ ಟೀ ಕುಡಿಯಲು ಹೋಗಿರಬೇಕೆಂದುಕೊಂಡು, ಬಾಗಿಲೆಳೆದು ಬೀಗ ಹಾಕಿದ. ಮುದ್ರೆ ಒತ್ತಲು ಅರಗು ತಂದಿರಲಿಲ್ಲ, ಮನೆಯವನನ್ನೇ ಕೇಳಿದ. ಹೆದರಿದ್ದ ಗೊಂಬೆ ಕೆಲಸದವನು ಗೊಂಬೆಗೆ ಬಳಿಯುವ ಕೆಂಪು ಅರಗನ್ನೇ ಕೊಟ್ಟ. ಮುದ್ರೆ ಬಿತ್ತು, ನೋಟೀಸೂ ಅಂಟಿತು. ಆಗ ಕಿಟಕಿಯಲ್ಲಿ ಮುಖ ಕಾಣಿಸಿತು.

"ಲೇ, ನಾನಿನ್ನೂ ಒಳಗೇ ಇವ್ನಿ ಕಣ್ಲಾ."

ಹೊರಗಿನವನು ಬೀಗಕ್ಕೆ ಕೈ ಹಾಕಿ ಹಿಂದೆಗೆದ. ಮುದ್ರೆ ಒಡೆದರೆ ಅಪರಾಧ ಎಂದು ತಾನೇ ಅಂಟಿಸಿದ ನೋಟೀಸಿನಲ್ಲಿತ್ತು. ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಹೋದವನು ಬರಲೇ ಇಲ್ಲ.

ನಾವು ಹೋದಾಗ ಗೊಂಬೆ ಕೆಲಸದವನು ತನ್ನದೇ ಕಿಟಕಿಯ ಸರಳಿನ ಸಂದಿಯಲ್ಲಿ ಒಳಗಿದ್ದವನಿಗೆ ಮಜ್ಜಿಗೆ ಕೊಡುತ್ತಿದ್ದ. ಕೋರ್ಟಿನ ಆದೇಶ ಇದೆಯಾ ಎಂದು ವಕೀಲರು ಕೇಳಿದರು. ಒಳಗಿದ್ದವನು ಇಲ್ಲ ಎಂದ. ಮನುಷ್ಯನನ್ನು ಹೀಗೆ ಕೂಡಿ ಹಾಕುವುದು ಅಪರಾಧ, ದೂರು ಕೊಡುತ್ತೀಯಾ ಎಂದರು. ಅವನು ಮಜ್ಜಿಗೆ ಲೋಟ ಕೆಳಗಿಟ್ಟು, ಹಾಳೆಗೆ ಕೈ ಚಾಚಿದ. ಆದೇಶವಿಲ್ಲದೆ ಮ್ಯಾನೇಜರು ಪಾತ್ರೆ ಹೊರಗೆ ಹಾಕಿಸಿದ್ದರಿಂದ ಹಿಡಿದು ಎಲ್ಲವನ್ನೂ ಬರೆದುಕೊಟ್ಟ.

ಪೊಲೀಸರು ಬಂದು ಬೀಗ ಒಡೆದರು. ದಾವೆ ಹೂಡಿ, ದೂರಿನ ನಕಲನ್ನೂ ಕೋರ್ಟಿಗೆ ಹಾಕಿದೆವು. ದಾವೆ ಮುಗಿಯುವವರೆಗೆ ಮನೆ ಮುಟ್ಟಬಾರದೆಂದು ಆದೇಶವಾಯಿತು. ಮುಂದೆ ಗೊಂಬೆ ಕೆಲಸದವನು ನ್ಯಾಯವಾದ ಬಾಕಿ ಕಟ್ಟಿ ಪತ್ರ ಬಿಡಿಸಿಕೊಂಡ.

ಕೋರ್ಟಿಗೆಂದು ಆ ದೂರನ್ನು ಟೈಪ್ ಮಾಡಿದವಳು ನಾನೇ. ಒಂದು ಸಾಲಿಗೆ ಬಂದು ಬೆರಳು ನಿಂತುಬಿಟ್ಟವು. ದೂರುದಾರನ 'ಹಾಲಿ ವಾಸ' ಎಂಬಲ್ಲಿ, ಪುಣ್ಯಾತ್ಮ, ಗೊಂಬೆ ಕೆಲಸದವನ ಮನೆ ನಂಬರು ಬರೆದಿದ್ದ.