ಗೋಡೆಯ ಮೇಲೊಬ್ಬ ಕಲಿ

ಹಾರುವವರನ್ನು ಹಿಡಿದಿರುವ ದಾರ ನನಗೆ ಕಾಣಿಸಬೇಕು. ಹಳೆಯ ಮಾಯಾಜಾಲದ ಸಿನಿಮಾಗಳು ನನಗೆ ಹಿಡಿಸುವುದೇ ಅದಕ್ಕೆ. ಹತ್ತಿಯ ಮೋಡ, ತಗಡಿನ ಚಂದ್ರ, ಆಕಾಶದಲ್ಲಿ ಡಿಕ್ಕಿ ಹೊಡೆದು ಕಿಡಿ ಉಗುಳುವ ಎರಡು ಬಾಣ! ಈಗಿನ ಕಂಪ್ಯೂಟರ್ ರಾಕ್ಷಸನ ಮೈಮೇಲೆ ಒಂದೊಂದು ರೋಮವೂ ಕಾಣುತ್ತದೆ. ನನಗೆ ಆಕಳಿಕೆ ಬರುತ್ತದೆ. ಬದನೆಕಾಯಿ ಬಣ್ಣ ಬಳಿದುಕೊಂಡ, ನಕ್ಕರೆ ಮೀಸೆಯ ತುದಿ ಕಿತ್ತುಬರುವ ಹಳೆಯ ರಾಕ್ಷಸ ಟಿವಿಗೆ ಬಂದರೆ ಮಾತ್ರ ಈಗಲೂ ಕಾಲು ಮೇಲೆತ್ತಿಕೊಂಡು ಕೂರುತ್ತೇನೆ. "ದಾರ ಕಾಣಾಕತ್ತೈತಲ್ರಿ!" ಎನ್ನುತ್ತಾಳೆ ಹೆಂಡತಿ ಶಾಂತಾ. ದಾರ ಕಂಡೂ ನಂಬುವುದರಲ್ಲೇ ಸುಖವಿದೆ ಎಂದು ಎಷ್ಟು ಹೇಳಿದರೂ ಆಕೆಗೆ ದಾರವೇ ಕಾಣುತ್ತದೆ.

ಹೀಗಿರುವಾಗ ಕೊಪ್ಪಳದ ಗುಜರಿ ಅಂಗಡಿಯಲ್ಲಿ, ಮುಚ್ಚಿಹೋದ ನಾಟಕ ಕಂಪನಿಯೊಂದರ ಪರದೆಯ ತುಂಡು ಸಿಕ್ಕಿತು. ರಾಕ್ಷಸನೊಬ್ಬ ಇಡೀ ಅರಮನೆಯನ್ನು ಅಂಗೈಯಲ್ಲಿಟ್ಟುಕೊಂಡು ಹಾರುತ್ತಿದ್ದಾನೆ; ಕಿಟಕಿಯಲ್ಲಿ ರಾಜಕುಮಾರಿ ಯಲಬುರ್ಗಾ ಬಸ್ಸಿಗೆ ಕಾಯುವವಳಂತೆ ನಿಂತಿದ್ದಾಳೆ. ಗಂಗಾವತಿಯ ನಮ್ಮ ಪಡಸಾಲೆಯ ಗೋಡೆ ತುಂಬಿತು.

ಅದೇ ವಾರ ಮಗಳು ಸುಧಾಳನ್ನು ನೋಡಲು ಕುಷ್ಟಗಿಯವರು ಬರುವುದಿತ್ತು. ಹುಡುಗ, ಹುಡುಗಿ ಒಂದೇ ಕಚೇರಿಯವರು, ಆಗಲೇ ಮನಸ್ಸು ಕೊಟ್ಟುಕೊಂಡವರು. ಹುಡುಗನ ತಾಯಿ ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ. "ಅವರು ಹೋಗೂ ಮಟಾ ಇದನ್ನ ಇಳಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು ಶಾಂತಾ. "ಇರಲಿ, ನಮ್ಮ ಅಭಿರುಚಿ ಅವರಿಗೂ ತಿಳೀಲಿ" ಎಂದೆ.

ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಆ ತಾಯಿ ಹುಡುಗಿಯನ್ನು ನೋಡಲಿಲ್ಲ, ಗೋಡೆ ನೋಡಿದರು. "ಇಷ್ಟ್ ದೊಡ್ಡದು ಯಾಕ್ರಿ? ಕೆಟ್ಟ ನೆದರಿಗೆ ಕಟ್ಟೀರೇನು?" ಮನೆಗೆ ದೃಷ್ಟಿ ತಾಗದಿರಲೆಂದು ಕಟ್ಟುವ ಬೊಂಬೆ ಎಂದುಕೊಂಡಿದ್ದರು.

"ಅಲ್ರಿ ಅಕ್ಕಾರ, ಇದು ಹಳೇ ಕಾಲದ ಕಲಿ" ಎಂದೆ. ಮನೆ ಮನಿಯಾಗುವ, ಶಾಲೆ ಸಾಲಿಯಾಗುವ ನಮ್ಮ ಬಾಯಲ್ಲಿ ಕಲೆ ಕಲಿಯಾಗಿ ಹೊರಬಿತ್ತು.

ಅವರು ಚಹದ ಕಪ್ಪು ಕೆಳಗಿಟ್ಟರು. ಪುರಾಣದಲ್ಲಿ ರಾಜರನ್ನೇ ಬೀದಿಗೆ ತಂದ ಕಲಿ ಅವರ ಕಣ್ಣ ಮುಂದೆ ಬಂದಿರಬೇಕು. "ಮನ್ಯಾಗ ಕಲಿ ಹೊಕ್ಕಾನ?"

ಗಾಬರಿಯಾಗಿ ಪುಸ್ತಕದ ಕನ್ನಡಕ್ಕೆ ಹಾರಿದೆ: "ಕಲಿ ಅಲ್ಲ, ಕಲೆ! ನಮ್ಮ ಮನೆಯಲ್ಲಿ ಕಲೆ ಇದೆ!"

"ಕಲೆ ಐತಾ? ಎಲ್ಲೈತಿ? ಹುಡುಗಿ ಮೈಮ್ಯಾಲೇನು?" ಎಂದು ಅವರು ಎದ್ದೇ ನಿಂತರು. ಶಾಂತಾ ನನ್ನನ್ನು ನೋಡಿದ ನೋಟದ ಮುಂದೆ ಗೋಡೆಯ ರಾಕ್ಷಸ ಸಾಧುವಾಗಿದ್ದ.

ಅವಲಕ್ಕಿ ತಟ್ಟೆ ಹಿಡಿದು ಬಂದ ಸುಧಾ ತಟ್ಟೆಯನ್ನೂ ಇಳಿಸದೆ ಹೇಳಿದಳು: "ಅದು ನಾಟಕದ ಪರದಿರಿ ಅತ್ತ್ಯಾರ. ಅಪ್ಪಗ ಹಳೇ ರಾಕ್ಷಸರ ಹುಚ್ಚು, ಅಷ್ಟ."

"ಹುಚ್ಚಾ?" ಅವರು ನಿಟ್ಟುಸಿರು ಬಿಟ್ಟು ಕುಳಿತರು. "ಮದ್ಲ ಹೇಳಬಾರದೇನ್ರಿ? ನಮ್ಮ ಮನ್ಯಾಗೂ ಒಬ್ರು ಅದಾರ." ಪಕ್ಕದಲ್ಲಿದ್ದ ಅವರ ಯಜಮಾನರು, ಬಂದಾಗಿನಿಂದ ಪರದೆಯನ್ನೇ ನೋಡುತ್ತಿದ್ದವರು, ಸಟ್ಟನೆ ತಲೆ ತಗ್ಗಿಸಿದರು.

ಮದುವೆ ಗೊತ್ತಾಯಿತು. ಬೀಗತಿ ಕೇಳಿದ್ದು ಒಂದೇ: ಕುಷ್ಟಗಿಯಲ್ಲಿ ಕಟ್ಟಿಸುತ್ತಿರುವ ಮನೆಗೆ ಈ ರಾಕ್ಷಸ ಬೇಕು. ಈಗ ಆತ ಅಲ್ಲಿ ಎರಡನೇ ಮಹಡಿಯಿಂದ ರಸ್ತೆಯತ್ತ ಮುಖ ಮಾಡಿ ನೇತಾಡುತ್ತಿದ್ದಾನೆ. ಕಾಲ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಮಗಳನ್ನು ನೋಡಲೆಂದು ಹೋದಾಗಲೆಲ್ಲ ರಸ್ತೆಯಲ್ಲೇ ಕತ್ತೆತ್ತಿ ನಿಂತುಬಿಡುತ್ತೇನೆ. ಮೊನ್ನೆ ಬೀಗತಿ ಮೇಲಿನಿಂದ ಕೂಗಿದರು: "ಬೀಗರ, ಹಂಗ ನೋಡಬ್ಯಾಡ್ರಿ! ಅದಕ್ಕ ನಿಮ್ಮ ನೆದರು ಆಗತೈತಿ!"