ಜೋಡು ಮಂತ್ರದ ಸಾವ್ಕಾರ

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆಮೇಲೆ ಯಾವ ಊರಲ್ಲೂ ಒಂದು ವರ್ಷ ನೆಟ್ಟಗೆ ಕೂತಿಲ್ಲ. ನಿಪ್ಪಾಣಿಯಲ್ಲಿ ಹೋಟೆಲ್, ಕಾಗವಾಡದಲ್ಲಿ ಗ್ಯಾರೇಜು, ಈಗ ಒಣದ್ರಾಕ್ಷಿ ಹೇರುವ ಟೆಂಪೋ. ಎಲ್ಲಿ ಹೋದರೂ ನಗುವಂಥದ್ದೊಂದು ಗಂಟು ಬೀಳುತ್ತದೆ. ಇತ್ತೀಚೆಗೆ ಮಾತ್ರ ಎಲ್ಲ ಭಾನಗಡಿ, ಫಜೀತಿಯೂ ಒಂದೇ ಆಟಕ್ಕೆ ಬಂದು ಸೇರಿಕೊಂಡಿದೆ.

೧. ಇಪ್ಪತ್ತು ಮುಖದ ದಾಳ

ಮಿರಜದಲ್ಲಿ ಟೆಂಪೋ ಕೆಟ್ಟು ಮೂರು ದಿನ ಲಾಡ್ಜಿನಲ್ಲಿ ಬಿದ್ದಿದ್ದಾಗ ಪಕ್ಕದ ಕೋಣೆಯ ಕಾಲೇಜು ಹುಡುಗರು ಈ ಆಟ ಕಲಿಸಿದರು. ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬ ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ಮಂದಿಯಾಗಬೇಕು. ಹೊಡೆತ ತಾಗಿತೋ ತಪ್ಪಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆದ್ದಂತೆಲ್ಲ ಲೆವೆಲ್ ಏರುತ್ತದೆ. ಕಥೆ ಹೇಳುವವನು ಕೂರಲೇಬೇಕೆಂದಿಲ್ಲ, ತಿರುಗಾಡುತ್ತಲೇ ಹೇಳಬಹುದು. ನನಗೆ ಅಷ್ಟು ಸಾಕಾಗಿತ್ತು.

ಕುಡಚಿಯ ಟೇಲರ್ ಚಾಚಾನ ಅಂಗಡಿಯಲ್ಲಿ ಭಾನುವಾರ ಮಧ್ಯಾಹ್ನ ಆಟ ಶುರುವಾಯಿತು; ಕಥೆ ಹೇಳುವವನು ನಾನು. ಕಥೆಯಲ್ಲಿ ಚಾಚಾ ಬೀಗ ತೆಗೆಯುವ ಕಳ್ಳ. ಪಾಲಬಾವಿಯಿಂದ ಬರುವ, ಕುರಿ ಕಾಯುವ ಕಾಕಾ ಖಡ್ಗದ ವೀರ. ಮೂರನೆಯವನು ಅಥಣಿ ಕಡೆಯ ದ್ರಾಕ್ಷಿ ತೋಟದ ಸಾವ್ಕಾರ. ಎರಡನೇ ವಾರವೇ ದಾಳದ ಸಪ್ಪಳ ಕೇಳಿ ಪೊಲೀಸಪ್ಪನೊಬ್ಬ ಒಳಗೆ ಬಂದ.

“ಏನ್ಲೇ, ಜೂಜಾ? ರೊಕ್ಕ ಎಲ್ಲೈತಿ?”

“ರೊಕ್ಕ ಇಲ್ರಿ ಸಾಹೇಬ್ರ,” ಅಂದೆ. “ಗೆದ್ರ ಲೆವೆಲ್ ಏರತೈತ್ರಿ.”

“ಏರಿದ್ರ ಏನ್ ಸಿಗತೈತಿ?”

“ಮೊದಲಿನಕಿಂತ ದೊಡ್ಡ ರಾಕ್ಷಸ ಸಿಗತಾನ್ರಿ.”

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. “ನನ್ನ ನೌಕರಿನೂ ಹಿಂಗ ಐತಿ. ಆಡ್ರಿ, ಆಡ್ರಿ.”

೨. ಕಾಡುಬೆಕ್ಕು

ಈ ಆಟದಲ್ಲಿ ಮಂತ್ರ ಎರಡು ನಮೂನೆ. ಪೂಜಾರಿಗೆ ದೇವರು ಕೊಟ್ಟದ್ದು: ಗಾಯ ಮಾಯಿಸುವುದು, ಸತ್ತವರನ್ನು ಎಬ್ಬಿಸುವುದು. ಮಂತ್ರವಾದಿಗೆ ಪುಸ್ತಕ ಓದಿ ಬಂದದ್ದು: ಬೆಂಕಿ, ಸಿಡಿಲು. ಒಂದನ್ನು ಆರಿಸ್ಕೊಳ್ರಿ ಅಂದರೆ ಸಾವ್ಕಾರ ಎರಡಕ್ಕೂ ಕೈ ಹಾಕಿದ.

“ನನ್ನ ಹೊಲದಾಗ ದ್ರಾಕ್ಷಿನೂ ಐತಿ, ಕಬ್ಬೂ ಐತಿ. ಒಂದು ಕೈ ಕೊಟ್ರ ಇನ್ನೊಂದು ಹಿಡೀತೈತಿ.”

ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಆದರೆ ಎರಡನ್ನೂ ಕಲಿಯುವವನು ಎರಡರಲ್ಲೂ ಹಿಂದೆ ಬೀಳುತ್ತಾನೆ. ಉಳಿದವರು ಐದನೇ ಲೆವೆಲ್ಲಿನ ಕೆಲಸ ಮಾಡುವಾಗ ಸಾವ್ಕಾರನದು ಇನ್ನೂ ಬಾಲವಾಡಿ. ಅವನ ಬೆಂಕಿಗೆ ಬೀಡಿ ಕೂಡ ಹೊತ್ತುತ್ತಿರಲಿಲ್ಲ. ಒಮ್ಮೆ ಕಥೆಯ ಗುಹೆಯಲ್ಲಿ ಕಾಡುಬೆಕ್ಕೊಂದು ಬೆನ್ನು ಹತ್ತಿತು. ಕಾಕಾ ಅವನನ್ನು ಕುರಿಮರಿಯ ಹಾಗೆ ಹೆಗಲಿಗೆ ಹಾಕಿಕೊಂಡು ಓಡಿದ.

ಹೆಗಲ ಮೇಲಿಂದ ಸಾವ್ಕಾರ ಕೂಗಿದ: “ಕಾಕಾ, ಗಟ್ಟಿ ಹಿಡ್ಕೊ, ಇನ್ನೊಂದು ಮಂತ್ರ ಹಾಕ್ತೀನಿ.”

“ಬ್ಯಾಡ್ರಿ ಸಾವ್ಕಾರ್ರ! ನಿಮ್ಮ ಮಂತ್ರಕ್ಕ ಬೆಕ್ಕಿಗೆ ಸಿಟ್ಟು ಬರಾಕತ್ತೈತಿ.”

೩. ರೆಡಿಮೇಡ್

ಹದಿನೈದನೇ ಲೆವೆಲ್ಲಿಗೆ ಬಂದಾಗ ಆಟ ತಿರುಗಿಬಿತ್ತು. ಎರಡೂ ಕಡೆಯ ದೊಡ್ಡ ಮಂತ್ರಗಳು ಒಟ್ಟಿಗೆ ಸಾವ್ಕಾರನ ಕೈಗೆ ಬಂದವು. ಒಂದೇ ಸುತ್ತಿನಲ್ಲಿ ಒಂದು ಕೈಯಿಂದ ಸುಡುತ್ತಿದ್ದ, ಇನ್ನೊಂದು ಕೈಯಿಂದ ಮಾಯಿಸುತ್ತಿದ್ದ. ಚಾಚಾ ಬೀಗಕ್ಕೆ ಕಡ್ಡಿ ಹಾಕುವಷ್ಟರಲ್ಲಿ ಬಾಗಿಲು ತಾನಾಗಿ ತೆರೆದಿರುತ್ತಿತ್ತು.

“ಅರೇ ಭಾಯ್,” ಅಂದ ಚಾಚಾ, “ಪ್ಯಾಟಿಯಾಗ ರೆಡಿಮೇಡ್ ಬಂದು ನನ್ನ ಮಷೀನ್ ಮಲಗಿಸ್ತು. ಇಲ್ಲೂ ರೆಡಿಮೇಡ್ ತಂದ್ಯಲ್ಲೋ!”

ಕಾಕಾ ಮಾತ್ರ ನಗಲಿಲ್ಲ. ತನ್ನ ಸರದಿ ಬಂದಾಗ ಕೇಳಿದ: “ನಾ ಏನ್ ಮಾಡ್ಲಿ?”

“ಹೊಡಿಯಾಕ ಯಾರೂ ಉಳಿದಿಲ್ಲ ಕಾಕಾ.”

ಕಾಕಾ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. “ಮುಂದಿನ ವಾರ ನಾ ಬರಂಗಿಲ್ಲ ತಮ್ಮಾ. ಕುಂತು ನೋಡಾಕ ನನಗ ಕುರಿ ಅದಾವು. ಅವು ಒಮ್ಮ್ಯಾರ ನನ್ನ ಕಡೆ ತಿರುಗಿ ನೋಡತಾವು.”

೪. ಪಾಳಿ

ಕಾಕಾ ಬಿಟ್ಟರೆ ಚಾಚಾನೂ ಬಿಡುತ್ತಾನೆ, ಆಟ ಅಲ್ಲಿಗೆ ಮುಗಿಯಿತು. ನನಗೆ ಊರು ಬಿಡುವುದು ಗೊತ್ತೇ ಹೊರತು ತಿರುಗಿ ಬರುವುದು ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಈ ಭಾನುವಾರದ ಆಟ. ಕೈಕಾಲು ಹಿಡಿದು ಕಾಕಾನನ್ನು ಇನ್ನೊಂದು ಆಟಕ್ಕೆ ಒಪ್ಪಿಸಿದೆ.

ಆ ದಿನ ಸಾವ್ಕಾರನ ಮಂತ್ರದ ಪುಸ್ತಕವನ್ನೇ ಕಥೆಯಲ್ಲಿ ಕಳವು ಮಾಡಿಸಿದೆ. ಅವನು ಅಲುಗಲಿಲ್ಲ. “ಹೊಲದ ಪಹಣಿ ಉತಾರದ ಗತೆ ಮೂರು ಝೆರಾಕ್ಸ್ ತಗಸಿ ಇಟ್ಟೀನಿ.” ದೊಡ್ಡ ರಾಕ್ಷಸನನ್ನು ತಂದೆ. ಆ ರಾಕ್ಷಸ ಮೊದಲ ಏಟಿಗೇ ಕಾಕಾನನ್ನು ಕೊಂದ. ಸಾವ್ಕಾರ ಥಟ್ಟನೆ ಎಬ್ಬಿಸಿ ಕೂರಿಸಿ, ಅದೇ ಸುತ್ತಿನಲ್ಲಿ ರಾಕ್ಷಸನನ್ನೂ ಸುಟ್ಟ.

“ಸತ್ತು ಆರಾಮ ಇದ್ನಿ,” ಅಂದ ಕಾಕಾ. “ಎಬ್ಬಿಸಿ ಮತ್ತ ಖಾಲಿ ಕುಂಡ್ರಿಸಿದ್ರಿ. ಇನ್ನೊಂದು ವಾರ ನೋಡತೀನಿ, ಅಷ್ಟ.”

ವಾರವಿಡೀ ಚಿಕ್ಕೋಡಿ, ರಾಯಬಾಗ ಅಂತ ಟೆಂಪೋ ಓಡಿಸಿದೆ, ತಲೆಯಲ್ಲಿ ಅದೇ ಚಿಂತೆ. ಶುಕ್ರವಾರ ಸಾವ್ಕಾರನ ತೋಟಕ್ಕೆ ಹೋದಾಗ ದಾರಿ ಕಂಡಿತು. ಸಾವ್ಕಾರನಿಗೂ ಅವನ ತಮ್ಮನಿಗೂ ಸೇರಿ ಒಂದೇ ಬಾವಿ, ಒಂದೇ ಮೋಟಾರು. ನೀರಿಗೆ ಪಾಳಿ: ಒಂದು ದಿನ ಅಣ್ಣನ ಹೊಲಕ್ಕೆ, ಮರುದಿನ ತಮ್ಮನ ಹೊಲಕ್ಕೆ.

“ಸಾವ್ಕಾರ್ರ, ಇನ್ನ ನಿಮ್ಮ ಮಂತ್ರಕ್ಕೂ ಪಾಳಿ. ಒಂದು ಸುತ್ತು ದೇವರದು, ಮುಂದಿನ ಸುತ್ತು ಪುಸ್ತಕದ್ದು. ಎರಡೂ ಕೂಡಿ ನಡಿಯಂಗಿಲ್ಲ.”

ಸಾವ್ಕಾರ ಬಾಯಿ ತೆರೆದ. ಆದರೆ ತಮ್ಮ ಪಕ್ಕದಲ್ಲೇ ನಿಂತಿದ್ದ. ಅವನ ಮುಂದೆ ಪಾಳಿ ಅನ್ಯಾಯ ಅನ್ನುವ ಧೈರ್ಯ ಯಾವ ಅಣ್ಣನಿಗಿದೆ?

೫. ವಾಟ್ನಿ

ಭಾನುವಾರ ಕಾಕಾ ಬಂದ, ಆದರೆ ಚಪ್ಪಲಿ ಬಿಡದೆ ಹೊಸ್ತಿಲ ಮೇಲೇ ಕೂತ. ಹಿಂದೆಯೇ ಸಾವ್ಕಾರ ತಮ್ಮನನ್ನು ಕರೆದುಕೊಂಡು ಬಂದ.

“ಪಾಳಿ ನಮಗ ಹೊಂದಂಗಿಲ್ಲ. ಮಂತ್ರ ವಾಟ್ನಿ ಮಾಡ್ಕೊಂಡೀವಿ. ದೇವರದು ನನ್ನ ಪಾಲಿಗೆ, ಪುಸ್ತಕದ್ದು ತಮ್ಮನ ಪಾಲಿಗೆ.”

ಒಬ್ಬನ ಕೈಯಲ್ಲಿದ್ದದ್ದು ಇಬ್ಬರಿಗೆ ಹಂಚಿಹೋದರೆ ತೂಕ ಸರಿಯಾಗುತ್ತದೆ ಅಂತ ನಾನೂ ಒಪ್ಪಿದೆ. ಸೇತುವೆಯ ಮೇಲೆ ಬೆಂಕಿ ಉಗುಳುವ ಹಾವನ್ನು ತಂದು ನಿಲ್ಲಿಸಿದೆ. ಮೊದಲ ಉಗುಳಿಗೇ ತಮ್ಮ ಸುಟ್ಟು ಬಿದ್ದ.

“ಅಣ್ಣಾ, ಗಾಯ ಮಾಯಿಸೋ!”

“ವಾಟ್ನಿ ಆಗೇತಿ. ನಿಂದು ನಿನಗ, ನಂದು ನನಗ.”

ಹಾವು ಅಣ್ಣನ ಕಡೆ ತಿರುಗಿತು.

“ತಮ್ಮಾ, ಸಿಡಿಲು ಹಾಕೋ!”

“ಈಗ ತಮ್ಮ ನೆನಪಾದ್ನೇನು? ಬಾವಿ ದಂಡಿಮ್ಯಾಲಿನ ಬೇವಿನ ಗಿಡ ಯಾರದು, ಅದನ್ನ ಮೊದಲ ಹೇಳು.”

ಇಬ್ಬರೂ ಎದ್ದು ನಿಂತರು. ಚಾಚಾ ಕತ್ತರಿ ಎತ್ತಿ ಡ್ರಾಯರಿನಲ್ಲಿ ಮುಚ್ಚಿಟ್ಟ. ಅಣ್ಣ-ತಮ್ಮ ಒಟ್ಟಿಗೇ ಹೊಸ್ತಿಲ ಕಡೆ ತಿರುಗಿದರು: “ಕಾಕಾ, ನೀನ ಪಂಚ. ನೀ ಹೇಳಿದ್ದ ಖರೆ.”

“ಕಾಕಾ, ಹಾವು ಬಾಯಿ ತಗದೈತಿ,” ಅಂತ ನಾನೂ ಕೂಗಿದೆ. “ನಿನ್ನ ಪಾಳಿ!”

ಕಾಕಾ ಸಾವಕಾಶ ಚಪ್ಪಲಿ ಬಿಟ್ಟ. ಒಳಗೆ ಬಂದು ಇಬ್ಬರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದ.

“ತಮ್ಮಾ, ಆ ಹಾವಿಗೂ ಒಂದು ಚಾ ಹೇಳು. ಬೇವಿನ ಗಿಡದ ನ್ಯಾಯ ಮುಗಿಸಿ ಹಾವನ್ನ ಕಡೀತೀನಿ.”